ಕಲ್ಲುನೆಲಕ್ಕೆ ಒಪ್ಪುವ ಹಸಿರು
(ಆಕಾಶವಾಣಿ ಭಾಷಣ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಕೇಳಿದವರ ಕಣ್ಣ ಮುಂದೆ ಬಂದು ನಿಲ್ಲುವುದು ತೆಂಗಿನ ತೋಟ. ಉಂಡೆ ಕೊಬ್ಬರಿಯ ವ್ಯಾಪಾರಕ್ಕೆ ತಿಪಟೂರಿನ ಪೇಟೆ ದೇಶಕ್ಕೆಲ್ಲ ಪರಿಚಿತ. ತೆಂಗಿನ ಸೀಮೆ ಎಂಬ ಬಿರುದು ನಮಗೆ ಬಂದದ್ದು ಹೀಗೆ, ಅದು ಸುಳ್ಳಲ್ಲ. ಆದರೆ ಅದು ಪೂರ್ತಿ ಸತ್ಯವೂ ಅಲ್ಲ. ತೋಟದ ಬೇಲಿಯನ್ನು ದಾಟಿ ನಾಲ್ಕು ಹೆಜ್ಜೆ ಮೇಲಕ್ಕೆ ಹೋದರೆ ನೆಲದ ಬಣ್ಣವೇ ಬದಲಾಗುತ್ತದೆ. ಗರಸು, ಬೆಣಚುಕಲ್ಲು, ಅಲ್ಲಲ್ಲಿ ಬಂಡೆಯ ಬೆನ್ನು, ಮೇಲೆ ಮರೆಯೇ ಇಲ್ಲದ ಬಿಸಿಲು. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದೂ ಬಂದ ವರ್ಷದ ಮಾತು. ಮದಲಿಂಗನ ಕಣಿವೆಯ ಬೆಟ್ಟಸಾಲನ್ನು ಕಂಡವರಿಗೆ ಈ ನೆಲದ ಪರಿಚಯವುಂಟು. ಇಂಥ ಒಣ, ಕಲ್ಲು, ಬಿಸಿಲಿನ ನೆಲಕ್ಕೆ ಯಾವ ಗಿಡವನ್ನು ಆರಿಸಬೇಕು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಗಿಡಮರಗಳ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕಾರಣ ಎರಡು. ಮೊದಲನೆಯದು ಲೌಕಿಕ. ಮನೆಯ ಆಸ್ತಿ ಪಾಲಾದಾಗ ಯಾರಿಗೂ ಬೇಡವಾದ ಅರ್ಧ ಎಕರೆ ಕಲ್ಲುಹೊಲ ನನ್ನ ಪಾಲಿಗೆ ಬಂತು. ಕೊಳವೆಬಾವಿ ತೆಗೆಸಿ ತೆಂಗು ಹಾಕಿ ಎಂದರು ಕೆಲವರು. ನೀಲಗಿರಿ ನೆಟ್ಟು ಮರೆತುಬಿಡಿ ಎಂದರು ಕೆಲವರು. ಮಾರಿಬಿಡಿ ಎಂದರು ಉಳಿದವರು. ಎರಡನೆಯ ಕಾರಣ ಶಾಸ್ತ್ರೀಯ. 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಬರೆದ ತೀ. ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ನಮ್ಮ ತಾಲ್ಲೂಕಿನ ತೀರ್ಥಪುರದಲ್ಲಿ. ಆ ಗ್ರಂಥವನ್ನು ವರ್ಷಗಟ್ಟಲೆ ತರಗತಿಯಲ್ಲಿ ಬಿಡಿಸಿ ಹೇಳಿದವನಿಗೆ ಔಚಿತ್ಯ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತ ಎಂದು ವಾದಿಸಿದ. ಸೊಂಟದ ಡಾಬನ್ನು ಕೊರಳಿಗೂ ಕೊರಳ ಹಾರವನ್ನು ಸೊಂಟಕ್ಕೂ ಧರಿಸಿದರೆ ಒಡವೆ ಎಷ್ಟೇ ಬೆಲೆಯದಾದರೂ ನೋಡಿದವರು ನಗುತ್ತಾರೆ ಎಂಬುದು ಅವನ ನಿದರ್ಶನ. ಒಡವೆಗೆ ಇರುವ ನ್ಯಾಯ ಗಿಡಕ್ಕೂ ಇದೆ. ಗಿಡ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆ ಆಮೇಲಿನದು. ಇಲ್ಲಿಗೆ ಉಚಿತವೋ ಅಲ್ಲವೋ ಎಂಬುದು ಮೊದಲಿನದು.

ತೆಂಗನ್ನೇ ತೆಗೆದುಕೊಳ್ಳಿ. ಕಲ್ಪವೃಕ್ಷ ಎಂದು ಅದನ್ನು ಹೊಗಳುವುದರಲ್ಲಿ ನನ್ನ ತಕರಾರಿಲ್ಲ. ಕೆರೆಯ ಹಿಂದೆ, ಹಳ್ಳದ ದಂಡೆಯ ಮೆಕ್ಕಲು ಮಣ್ಣಿನಲ್ಲಿ, ಅದು ನಮ್ಮ ಹಿರಿಯರನ್ನು ಸಾಕಿತು. ಆದರೆ ಬೇಸಗೆಯಲ್ಲಿ ಫಲಕ್ಕೆ ಬಂದ ಒಂದು ತೆಂಗು ದಿನಕ್ಕೆ 50-60 ಲೀಟರು ನೀರನ್ನು ಕೇಳುತ್ತದೆ. ತಗ್ಗಿನಲ್ಲಿದ್ದ ತೋಟ ಕೊಳವೆಬಾವಿಯ ಭರವಸೆಯ ಮೇಲೆ ದಿಣ್ಣೆಯನ್ನು ಏರಿದ್ದು ಈಚಿನ ಕೆಲವು ದಶಕಗಳಲ್ಲಿ. 2016-17ರ ಬರದಲ್ಲಿ ದಿಣ್ಣೆಯ ಮೇಲಿನ ಎಷ್ಟೋ ಮರಗಳು ಗರಿ ಜೋತು, ಸುಳಿ ಒಣಗಿ, ಕಂಬಗಳಂತೆ ನಿಂತವು. ನನ್ನ ಹೊಲದ ಪಕ್ಕದ ರೈತರೊಬ್ಬರು ಏಳನೆಯ ಕೊಳವೆಬಾವಿ ಕೊರೆಸಿದಾಗ ಬಂದದ್ದು ಬೂದಿಯಂಥ ಕಲ್ಲುಪುಡಿ ಮಾತ್ರ. ಅಂದು ಅವರ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಸಾಲದ ಕಾಗದ ಮಾತ್ರ ಉಳಿಯಿತು. ಅನುಚಿತವಾದ ಉಪಮೆಯಿಂದ ಪದ್ಯ ಕೆಟ್ಟರೆ ಓದುಗ ಪುಟ ಮಗುಚುತ್ತಾನೆ. ಅನುಚಿತವಾದ ಬೆಳೆಯಿಂದ ಸಂಸಾರ ಕೆಡುತ್ತದೆ. ಆದ್ದರಿಂದ ಈ ವಿಚಾರವನ್ನು ಹವ್ಯಾಸದ ಮಾತೆಂದು ತಳ್ಳಿಹಾಕುವಂತಿಲ್ಲ.

ಹಾಗಾದರೆ ಆಯ್ಕೆಯ ದಾರಿ ಯಾವುದು? ಕುರಿ ಮೇಯಿಸುವ ಮುದುಕರೊಬ್ಬರು ನನಗೆ ಅದನ್ನು ಒಂದು ಪ್ರಶ್ನೆಯಲ್ಲಿ ಹೇಳಿಕೊಟ್ಟರು: "ಯಾರೂ ನೆಡದೆ, ಯಾರೂ ನೀರು ಹಾಕದೆ, ಇಲ್ಲಿ ಆಗಲೇ ಇರೋರು ಯಾರು ಅಂತ ನೋಡಿದ್ರಾ ಸ್ವಾಮಿ?" ಇದಕ್ಕಿಂತ ದೊಡ್ಡ ಸೂತ್ರವನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಚೈತ್ರ ವೈಶಾಖದ ನಡು ಮಧ್ಯಾಹ್ನ ಹೊಲದ ಸುತ್ತ ನಡೆದು, ಹಸಿರಾಗಿ ನಿಂತವರ ಹೆಸರುಗಳನ್ನು ಬರೆದುಕೊಳ್ಳಬೇಕು. ಮಳೆಗಾಲದಲ್ಲಿ ಎಲ್ಲವೂ ಹಸಿರೇ. ಆಗಿನ ಸಾಕ್ಷ್ಯ ನಂಬಿಕೆಗೆ ಅರ್ಹವಲ್ಲ.

ನನ್ನ ಪಟ್ಟಿಯಲ್ಲಿ ಮೊದಲು ಬಂದದ್ದು ತಂಗಡಿ. ಆವರಿಕೆ ಎಂದೂ ಕರೆಯುವ ಈ ಪೊದೆಗೆ ಕಲ್ಲು, ಗರಸು, ರಸ್ತೆಯ ಬದಿ ಯಾವುದಾದರೂ ಸರಿ. ಹಳದಿ ಹೂವನ್ನು ಗೊಂಚಲು ಗೊಂಚಲಾಗಿ ಬಿಡುತ್ತದೆ. ಇದರ ತೊಗಟೆಯ ಒಗರಿನಿಂದ ತೊಗಲನ್ನು ಹದಮಾಡುತ್ತಿದ್ದರು; ನಮ್ಮ ಪೂರ್ವಿಕರ ಕಾಲಿನ ಮೆಟ್ಟಿಗೂ ಬಾವಿಯ ಕಪಿಲೆಯ ತೊಗಲಿಗೂ ಈ ಗಿಡದ ಋಣವಿದೆ. ದನ ಇದಕ್ಕೆ ಬಾಯಿ ಹಾಕುವುದಿಲ್ಲ. ಎರಡನೆಯದು ಬಂದರಿಕೆ. ಎಲೆಯ ಮೇಲೆ ಅಂಟಿನ ತೆಳು ಲೇಪ. ಬಿಸಿಲಿಗೆ ಮೆರುಗೆಣ್ಣೆ ಸವರಿದಂತೆ ಹೊಳೆಯುತ್ತದೆ. ಆ ಲೇಪವೇ ಎಲೆಯ ನೀರನ್ನು ಕಾಯುವ ಬೀಗ. ಇದನ್ನೂ ಆಡು ಮುಟ್ಟುವುದು ಅಪರೂಪವಾದ್ದರಿಂದ ಬೇಲಿಗೆ ಇದಕ್ಕಿಂತ ನಂಬಿಕಸ್ಥ ಬೇರಿಲ್ಲ; ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲಿಸುವುದರಲ್ಲಿಯೂ ಗಟ್ಟಿಗ. ಮೂರನೆಯದು ಕವಳೆ, ಮುಳ್ಳೂ ಉಂಟು, ಉಪ್ಪಿನಕಾಯಿಗೆ ಕಾಯೂ ಉಂಟು, ಹಣ್ಣಾದರೆ ಹಕ್ಕಿಗೂ ಮಕ್ಕಳಿಗೂ ಹಬ್ಬ. ಆಮೇಲೆ ಕಾರೆ, ಎಲಚಿ, ಎಕ್ಕ, ಬಂಡೆಯ ಸಂದಿನಲ್ಲಿ ಮಂಗರವಳ್ಳಿ, ನೆಲಕ್ಕೆ ಒರಗಿದ ತುಂಬೆ. ತುಂಬೆಯಿಂದಲೇ ತುಮಕೂರಿಗೆ ಹೆಸರು ಬಂತೆಂಬ ಮಾತೂ ರೂಢಿಯಲ್ಲಿದೆ.

ಇವೆಲ್ಲ ಬದುಕುವ ಬಗೆಯಲ್ಲಿ ನಾಲ್ಕಾರು ಉಪಾಯಗಳನ್ನು ಗುರುತಿಸಬಹುದು. ಜಾಲಿಯಂಥವು ಎಲೆಯನ್ನು ಸಣ್ಣದಾಗಿ ಸೀಳಿ ಬಿಸಿಲಿಗೆ ಕಡಿಮೆ ಮೈಯೊಡ್ಡುತ್ತವೆ. ಎಕ್ಕದಂಥವು ಎಲೆಗೆ ಬಿಳಿಯ ನವಿರಾದ ಹೊದಿಕೆಯನ್ನು ಹೊದೆಯುತ್ತವೆ. ಕತ್ತಾಳೆ, ಕಳ್ಳಿಗಳು ಮೈಯಲ್ಲೇ ನೀರು ಕೂಡಿಡುತ್ತವೆ. ಅಷ್ಟೇ ಅಲ್ಲ, ಹಗಲೆಲ್ಲ ಉಸಿರಿನ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿ ತಂಪಿನಲ್ಲಿ ಬಾಗಿಲು ತೆರೆದು ಗಾಳಿಯ ಅಂಗಾರಾಮ್ಲವನ್ನು ಒಳಗೆ ಬಿಟ್ಟುಕೊಂಡು, ಮರುದಿನದ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತವೆ. ಅರಿಸಿನಬೂರಗವೆಂಬ ಬೆಟ್ಟದಾವರೆಯ ಉಪಾಯ ಬೇರೆ. ಅದು ಬೇಸಗೆಗೆ ಮುನ್ನ ಎಲೆಯನ್ನೆಲ್ಲ ಉದುರಿಸಿ ಬರಿಮೈಯಾಗಿ ನಿಂತು, ಬಂಡೆಗಳ ನಡುವೆ ಅಂಗೈಯಗಲದ ಹಳದಿ ಹೂಗಳನ್ನು ಬಿಡುತ್ತದೆ. ಮಿತವ್ಯಯ, ಸಂಗ್ರಹ, ತ್ಯಾಗ: ಮನುಷ್ಯರು ಬರಗಾಲದಲ್ಲಿ ಕಲಿಯುವ ಮೂರು ಪಾಠಗಳನ್ನೂ ಇವು ಮೊದಲೇ ಕಲಿತಿವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗಟ್ಟಿತನ ಒಂದು, ದಾಳಿಕೋರತನ ಇನ್ನೊಂದು. ಬರಕ್ಕೆ ಜಗ್ಗದ ಗಿಡವೆಲ್ಲ ಬೇಕಾದ ಗಿಡವೇ ಎಂದು ಎಣಿಸಿದ್ದರ ಫಲವನ್ನು ಈ ನಾಡು ಹಲವು ಸಲ ಉಂಡಿದೆ. ಕೆಂಪು ಬಣ್ಣ ಕೊಡುವ ಕಿರ್ಮಿಜಿ ಹುಳುವನ್ನು ಸಾಕಬೇಕೆಂಬ ಆಸೆ ಈಸ್ಟ್ ಇಂಡಿಯಾ ಕಂಪನಿಗೆ ಹುಟ್ಟಿ, 1795ರಲ್ಲಿ ಹುಳುಗಳು ಬ್ರೆಜಿಲಿನಿಂದ ಕಲ್ಕತ್ತೆಗೆ ಬಂದವು. ಅವುಗಳ ಮೇವು ಅಮೆರಿಕದ ಮೂಲದ ಪಾಪಾಸುಕಳ್ಳಿ. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಕಳ್ಳಿಗಳು ಮಾತ್ರ ಬೇಲಿಯಿಂದ ಹೊಲಕ್ಕೂ ಹೊಲದಿಂದ ಗೋಮಾಳಕ್ಕೂ ಹಬ್ಬಿದವು. ದಕ್ಷಿಣ ಭಾರತದಲ್ಲಿ ಅವುಗಳ ಹಾವಳಿ ಇಳಿದದ್ದು 1926ರಲ್ಲಿ ಬೇರೊಂದು ಜಾತಿಯ ಹುಳುವನ್ನು ತರಿಸಿ ಬಿಟ್ಟ ಮೇಲೆ. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಸೌದೆಯ ಬರ ನೀಗಲೆಂದು ತರಿಸಿದ ಬಳ್ಳಾರಿ ಜಾಲಿಯ ಕಥೆಯೂ ಹೀಗೆಯೇ. ಅದು ಒಲೆಗೆ ಸೌದೆಯನ್ನು ಕೊಟ್ಟಿತು, ನಿಜ. ಆದರೆ ಕೆರೆಯಂಗಳಗಳನ್ನು ತಾನೇ ಕಟ್ಟಿಕೊಂಡಿತು. ಲಂಟಾನವಂತೂ ಅಂದದ ಹೂವಿನ ಗಿಡವೆಂದೇ ಬಂದದ್ದು.

ಇನ್ನು ನೀಲಗಿರಿ. ಇದರ ಚರ್ಚೆ ನಡೆದದ್ದು ಪುಸ್ತಕದಲ್ಲಲ್ಲ, ನಮ್ಮ ಜಿಲ್ಲೆಯ ಮಣ್ಣಿನಲ್ಲಿ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೂ ನೀಲಗಿರಿ ನುಗ್ಗುತ್ತಿದ್ದ ಕಾಲದಲ್ಲಿ, 1983ರ ಆಗಸ್ಟಿನಲ್ಲಿ, ತುಮಕೂರು ಜಿಲ್ಲೆಯ ರೈತರು ಗುಂಪಾಗಿ ಅರಣ್ಯದ ಸಸ್ಯಕ್ಷೇತ್ರಕ್ಕೆ ನಡೆದು ನೀಲಗಿರಿಯ ಸಸಿಗಳನ್ನು ಕಿತ್ತುಹಾಕಿದರು. ಬರಿದೇ ಕಿತ್ತು ಬರಲಿಲ್ಲ; ಆ ಜಾಗದಲ್ಲಿ ಹುಣಸೆಯ ಬೀಜವನ್ನೂ ಮಾವಿನ ಓಟೆಯನ್ನೂ ಊರಿದರು. ಈ ಎರಡನೆಯ ಕೆಲಸವೇ ನನಗೆ ಮುಖ್ಯವಾಗಿ ಕಾಣುವುದು. ಬೇಡ ಎಂಬುದರ ಜತೆಗೆ ಯಾವುದು ಬೇಕು ಎಂಬುದನ್ನೂ ಅವರು ಬೀಜದ ಭಾಷೆಯಲ್ಲೇ ಹೇಳಿದರು. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರ ನಿಷೇಧಿಸಿದ್ದು 2017ರಲ್ಲಿ; ಆ ವೇಳೆಗೆ ಮೂವತ್ತನಾಲ್ಕು ವರ್ಷಗಳು ಕಳೆದಿದ್ದವು.

ಮರಗಳ ವಿಷಯಕ್ಕೆ ಬರುತ್ತೇನೆ. ಪೊದೆ ನೆಲವನ್ನು ಹಿಡಿದ ಮೇಲೆ ಮರಕ್ಕೆ ಸರದಿ. ಹುಣಸೆ ನಿಧಾನವಾಗಿ ಬೆಳೆಯುತ್ತದೆ. ನೆಟ್ಟವನಿಗಿಂತ ಮೊಮ್ಮಗನಿಗೆ ಹೆಚ್ಚು ಫಲ. ದೇವನಹಳ್ಳಿಯ ಸಮೀಪದ ನಲ್ಲೂರಿನಲ್ಲಿ ಹುಣಸೆಯ ಒಂದು ಹಳೆಯ ತೋಪು ಇದೆ. 2007ರಲ್ಲಿ ಅದನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಸಾರಿದರು. ಭಾರತದಲ್ಲಿ ಆ ಗೌರವ ಮೊದಲು ಸಂದದ್ದು ಅದಕ್ಕೆ. ಬೇವು ಯುಗಾದಿಯ ಉರಿಬಿಸಿಲಿನಲ್ಲಿಯೇ ಚಿಗುರಿ ಹೂಬಿಡುತ್ತದೆ. ಹೊಂಗೆಯದೂ ಅದೇ ಪರಿ; ಊರೆಲ್ಲ ಒಣಗಿದಾಗ ಎಳೆ ಹಸಿರಿನ ನೆರಳು ಕೊಡುತ್ತದೆ, ಬೇರಿನಿಂದ ನೆಲಕ್ಕೆ ಸಾರಜನಕವನ್ನೂ ಸೇರಿಸುತ್ತದೆ. ಕಮರವೆಂಬ ಮರವನ್ನು ಇಂದಿನ ಮಕ್ಕಳು ಬಲ್ಲರೋ ಇಲ್ಲವೋ. ನಮ್ಮ ನೆರೆಯ ಶಿರಾ ತಾಲ್ಲೂಕಿನಲ್ಲಿ, 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿತವಾದ ಬುಕ್ಕಾಪಟ್ಟಣದ ಕಾಡಿನಲ್ಲಿ, ಅದು ಹೇರಳ. ಅದರ ಸಸಿ ಮೊದಮೊದಲು ಮೇಲೆ ಬೆಳೆಯುವುದೇ ಇಲ್ಲ ಎನ್ನುವಂತಿರುತ್ತದೆ. ಆ ದಿನಗಳಲ್ಲಿ ಅದು ಕೆಳಗೆ ಬೇರಿಳಿಸುತ್ತಿರುತ್ತದೆ. ಶ್ರೀಗಂಧಕ್ಕೂ ಕಲ್ಲುನೆಲ ಒಗ್ಗುತ್ತದೆ. ಆದರೆ ಅದು ಒಂಟಿಯಾಗಿ ಬಾಳದು. ನೆರೆಯ ಗಿಡದ ಬೇರಿನಿಂದ ನೀರನ್ನೂ ಸತ್ತ್ವವನ್ನೂ ಪಡೆಯುವ ಅರೆ ಪರಾವಲಂಬಿ. ಪಕ್ಕದಲ್ಲಿ ತೊಗರಿಯೋ ಹೊಂಗೆಯೋ ಇರಬೇಕು. ಸೀತಾಫಲ ದೂರದ ಅಮೆರಿಕದಿಂದ ಬಂದದ್ದಾದರೂ ನಮ್ಮ ಕಲ್ಲುಗುಡ್ಡಗಳಲ್ಲಿ ಮನೆಮಗಳಂತೆ ನೆಲೆಸಿದೆ. ಎಲೆಯನ್ನು ಆಡು ತಿನ್ನದು, ಹಣ್ಣನ್ನು ಬೇಡವೆನ್ನುವವರಿಲ್ಲ. ಹೊರಗಿನದೆಲ್ಲ ಕೆಟ್ಟದ್ದು ಎಂಬ ಹಟವೂ ಸಲ್ಲದೆಂಬುದಕ್ಕೆ ಇದೇ ಸಾಕ್ಷಿ.

ನೆಡುವ ಕ್ರಮವನ್ನೂ ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಗುಂಡಿಯನ್ನು ಬೇಸಗೆಯಲ್ಲೇ ತೋಡಿ ಬಿಸಿಲಿಗೆ ಬಿಡಬೇಕು. ಬಂಡೆಯ ನಡುವೆ ಎಲ್ಲಿ ಮಣ್ಣೂ ತರಗೂ ತಾವಾಗಿ ಬಂದು ಸೇರಿವೆಯೋ ಅಲ್ಲಿ ತೋಡುವುದು ಜಾಣತನ. ನೂಲು ಹಿಡಿದು ಸಾಲು ಮಾಡುವ ಚಪಲ ಕಲ್ಲುನೆಲಕ್ಕೆ ಹೊಂದುವುದಿಲ್ಲ. ಗುಂಡಿಯ ಇಳಿಜಾರಿನ ಕಡೆಗೆ ಅರ್ಧಚಂದ್ರಾಕಾರದ ಬದುವನ್ನು ಕಲ್ಲಿನಿಂದ ಕಟ್ಟಿದರೆ ಹರಿಯುವ ನೀರು ಒಂದು ಗಳಿಗೆ ನಿಂತು ಇಂಗುತ್ತದೆ. ಜಾಲಿ, ತಂಗಡಿಗಳ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿನಲ್ಲಿ ಅದ್ದಿ ತಣಿಯಲು ಬಿಟ್ಟು ಆಮೇಲೆ ಬಿತ್ತಬೇಕು. ಆಡು ತಿಂದು ಹಿಕ್ಕೆಯಲ್ಲಿ ಹಾಕಿದ ಜಾಲಿಯ ಬೀಜಕ್ಕೆ ಆ ಸಂಸ್ಕಾರ ಹೊಟ್ಟೆಯಲ್ಲೇ ಆಗಿರುತ್ತದೆ. ಸಸಿಯನ್ನು ಕೊಳ್ಳುವುದಾದರೆ ಎತ್ತರವನ್ನು ನೋಡಿ ಮರುಳಾಗಬೇಡಿ. ಚೀಲದಲ್ಲಿ ವರ್ಷಗಟ್ಟಲೆ ಸುತ್ತಿಕೊಂಡ ಬೇರು ನೆಲಕ್ಕೆ ಬಂದ ಮೇಲೂ ಸುತ್ತುತ್ತಲೇ ಇರುತ್ತದೆ. ಗೇಣುದ್ದದ ಎಳೆಯ ಸಸಿಯೇ ಲೇಸು. ಮೃಗಶಿರಾ, ಆರಿದ್ರಾ ಮಳೆಗೆ ನೆಟ್ಟರೆ, ನಮ್ಮ ಸೀಮೆಯಲ್ಲಿ ಜೋರಾಗಿ ಸುರಿಯುವ ಹಸ್ತ, ಚಿತ್ತೆಯ ವೇಳೆಗೆ ಬೇರು ಕುಡಿಯಲು ಸಿದ್ಧವಾಗಿರುತ್ತದೆ. ಬುಡದ ಸುತ್ತ ಚಪ್ಪಟೆ ಕಲ್ಲುಗಳನ್ನು ಹಾಸಿ. ಕಲ್ಲು ನಮ್ಮ ಶತ್ರುವೆಂದು ನಾವು ಆರಿಸಿ ಎಸೆಯುತ್ತೇವೆ. ಹಾಸಿದರೆ ಅದೇ ಮಣ್ಣಿನ ತೇವಕ್ಕೆ ಮುಚ್ಚಳ. ಮೊದಲ ಎರಡು ಬೇಸಗೆ ಹತ್ತು ಹದಿನೈದು ದಿನಕ್ಕೊಮ್ಮೆ ಒಂದು ಬಿಂದಿಗೆಯನ್ನು ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಹಾಕಬೇಕು. ದಿನವೂ ಚಿಮುಕಿಸಿದರೆ ಬೇರು ಮೇಲುಮೇಲಕ್ಕೇ ಬಂದು ಭಿಕ್ಷೆಗೆ ಕೈಯೊಡ್ಡುವುದನ್ನು ಕಲಿಯುತ್ತದೆ. ಮೂರನೆಯ ಬೇಸಗೆಗೆ ಕೈಬಿಡಬೇಕು.

ಹಾಗೆ ಕೈಬಿಟ್ಟಾಗ ಕೆಲವು ಸಾಯುತ್ತವೆ. ನನ್ನ ಹೊಲದಲ್ಲಿ ಮೂರರಲ್ಲಿ ಎರಡು ಪಾಲು ಉಳಿದವು. ಹೋದ ಗಿಡಗಳ ಜಾಗದಲ್ಲಿ ಮತ್ತೆ ಅದೇ ಗಿಡವನ್ನು ನೆಡದೆ, ಅದರ ಪಕ್ಕದಲ್ಲಿ ಬದುಕಿದ್ದನ್ನೇ ನೆಡಿಸಿದೆ. ಮೊದಲು ಬಂದರಿಕೆ, ಅದರ ಮರೆಯಲ್ಲಿ ಹಂಚಿ ಹುಲ್ಲು, ಹುಲ್ಲಿನ ಬುಡದಲ್ಲಿ ಒಂದಿಷ್ಟು ಮಣ್ಣು, ಆ ಮಣ್ಣಿನಲ್ಲಿ ಹಕ್ಕಿ ತಂದು ಹಾಕಿದ ಬೇವಿನ ಬೀಜ: ಹೀಗೆ ಒಂದರ ನೆರಳಿನಲ್ಲಿ ಇನ್ನೊಂದು ಬಂತು. ಏಳು ಕೊಳವೆಬಾವಿ ತೆಗೆಸಿದ್ದ ಆ ನೆರೆಯವರು ಒಂದು ದಿನ ಬಂದು, ಹುಣಸೆಯ ಸಾಲಿನ ನಡುವೆ ಬಹಳ ಹೊತ್ತು ನಿಂತಿದ್ದು, "ಇದಕ್ಕೆಲ್ಲ ಕರೆಂಟು ಬೇಡ, ಅಲ್ಲವೆ?" ಎಂದು ಕೇಳಿದರು. ಕೇಳಿ ಸುಮ್ಮನೆ ಹೋದರು. ಮುಂದಿನ ಮಳೆಗಾಲದಲ್ಲಿ ತಮ್ಮ ದಿಣ್ಣೆಯ ಒಣಗಿದ ತೆಂಗನ್ನು ಕಡಿಸಿ, ತಗ್ಗಿನ ತೋಟವನ್ನು ಮಾತ್ರ ಉಳಿಸಿಕೊಂಡು, ಮೇಲೆ ಹುಣಸೆ ಹಾಕಿಸಿದರು. ಸಾಲ ಇನ್ನೂ ತೀರಿಲ್ಲ. ಆದರೆ ಎಂಟನೆಯ ಬಾವಿಯನ್ನು ಅವರು ಕೊರೆಸಲಿಲ್ಲ.

ಈ ವಿಚಾರ ಒಬ್ಬಿಬ್ಬರ ಹೊಲಕ್ಕೆ ಮುಗಿಯುವಂಥದಲ್ಲ. ನಮ್ಮ ತಾಲ್ಲೂಕಿನ ಬೆಟ್ಟಗಳ ಹೊಟ್ಟೆಯಲ್ಲಿ ಕಬ್ಬಿಣ, ಮ್ಯಾಂಗನೀಸುಗಳ ಅದಿರಿದೆ; ಅದಕ್ಕಾಗಿ ಬೆಟ್ಟಗಳನ್ನು ಬಗೆದದ್ದೂ ಆಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಜತೆಗೆ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನೂ ತಡೆಯಿತು. 2013ರ ತೀರ್ಪಿನಲ್ಲಿ ಗಣಿಗಳು ಮತ್ತೆ ತೆರೆಯಬೇಕಾದರೆ ನೆಲದ ಪುನಶ್ಚೇತನವೂ ಆಗಬೇಕೆಂಬ ಷರತ್ತು ಸೇರಿತು. ಗಣಿ ಮಣ್ಣಿನ ರಾಶಿಗಿಂತ ಒಣ, ಕಲ್ಲು, ಬಿಸಿಲಿನ ನೆಲ ಇನ್ನಾವುದಿದೆ? ಅಲ್ಲಿ ಬೇಗ ಹಸಿರು ತೋರಿಸಿ ಲೆಕ್ಕ ಒಪ್ಪಿಸುವ ಗಿಡವನ್ನು ನೆಡಬೇಕೋ, ಅಥವಾ ನಿಧಾನವಾಗಿ ಬೆಟ್ಟವನ್ನು ಮತ್ತೆ ಬೆಟ್ಟವಾಗಿಸುವ ತಂಗಡಿ, ಬಂದರಿಕೆ, ಕಮರ, ಕಗ್ಗಲಿಗಳನ್ನು ನೆಡಬೇಕೋ ಎಂಬುದು ನಮ್ಮ ಕಾಲದ ಔಚಿತ್ಯವಿಚಾರ.

ಕೊನೆಯದಾಗಿ ಸಾಹಿತ್ಯದ ಕಡೆಗೆ ಒಮ್ಮೆ ತಿರುಗುತ್ತೇನೆ. ನಮ್ಮ ಪ್ರಾಚೀನ ಕವಿಗಳು ಅಷ್ಟಾದಶ ವರ್ಣನೆಯ ಅಂಗವಾಗಿ ಉದ್ಯಾನವನ್ನು ವರ್ಣಿಸುವಾಗ ಮಾವು, ಮಲ್ಲಿಗೆ, ಸಂಪಿಗೆ, ಸುರಗಿಗಳನ್ನು ಮನದಣಿಯೆ ಹೊಗಳಿದರು. ತಂಗಡಿಗೂ ಬಂದರಿಕೆಗೂ ಆ ಓಲಗದಲ್ಲಿ ಪೀಠ ದೊರೆತಂತೆ ಕಾಣೆ. ತಮಿಳಿನ ಸಂಗಂ ಕವಿಗಳು ಈ ವಿಷಯದಲ್ಲಿ ಬೇರೊಂದು ದಾರಿ ಹಿಡಿದರು. ನೆಲವನ್ನು ಐದು ತಿಣೆಗಳಾಗಿ ವಿಂಗಡಿಸಿ, ಒಣನೆಲಕ್ಕೆ ಪಾಲೈ ಎಂದು ಒಂದು ಗಿಡದ ಹೆಸರನ್ನೇ ಇಟ್ಟು, ಅದನ್ನು ಅಗಲಿಕೆಯ ಭಾವಕ್ಕೆ ನೆಲೆಮಾಡಿದರು. ತಮಿಳಿನ ಪಕಾರ ಕನ್ನಡದಲ್ಲಿ ಹಕಾರವಾಗುವುದು ತಮಗೆ ತಿಳಿದದ್ದೇ; ಪಾಲೈ ನಮ್ಮಲ್ಲಿ ಹಾಲೆ. ಬೆಪ್ಪಾಲೆ ಎಂಬ ಇನ್ನೊಂದು ಹೆಸರಿನಲ್ಲಿ ಆ ಪಕಾರ ಇನ್ನೂ ಉಳಿದಿದೆ. ಚನ್ನಪಟ್ಟಣದ ಬಣ್ಣದ ಬೊಂಬೆಗಳನ್ನು ಕಡೆಯುವುದು ಈ ಹಾಲೆಯ ಮರದಿಂದಲೇ. ಒಣನೆಲದ ಮರ ಮಕ್ಕಳ ಕೈಯಲ್ಲಿ ಆಟವಾಗುತ್ತದೆ!

ಪಾಲೈಯನ್ನು ಕುರಿತು ಆ ಪರಂಪರೆ ಇನ್ನೊಂದು ಮಾತನ್ನೂ ಹೇಳುತ್ತದೆ. ಅದು ಹುಟ್ಟಿನಿಂದ ಬೇರೆಯಾದ ನೆಲವಲ್ಲ. ಬೆಟ್ಟವೂ ಕಾಡೂ ಬೇಗೆಯಿಂದ ತಮ್ಮ ಗುಣವನ್ನು ಕಳೆದುಕೊಂಡಾಗ ಪಾಲೈ ಆಗುತ್ತವೆ ಎಂಬ ಕಲ್ಪನೆ ಅದು. ಇದನ್ನು ಒಪ್ಪಿದರೆ ನಮ್ಮ ಕಲ್ಲುನೆಲವನ್ನು ಬಂಜರು ಎಂದು ಕರೆಯುವ ಮುನ್ನ ನಾಲಿಗೆ ತಡೆಯುತ್ತದೆ. ಗುಣ ಕಳೆದುಕೊಂಡದ್ದಕ್ಕೆ ಗುಣವನ್ನು ಮರಳಿಸಲೂ ಬಹುದು. ಅದನ್ನು ಬಲ್ಲ ಗಿಡಗಳು ಆಗಲೇ ಬಂಡೆಯ ಸಂದಿನಲ್ಲಿ ಬಂದು ನಿಂತಿವೆ. ಈ ಬೇಸಗೆಯಲ್ಲಿ ತಮ್ಮ ಊರಿನ ದಿಣ್ಣೆಯ ಕಡೆಗೆ ಒಮ್ಮೆ ನಡೆದು ಹೋಗಿ, ಅವುಗಳ ಹೆಸರನ್ನು ಹಿರಿಯರಿಂದ ಕೇಳಿ ತಿಳಿಯಿರಿ; ಹೇಳಬಲ್ಲವರು ಇರುವಾಗಲೇ ಕೇಳಿರಿ ಎಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.